ಕದ್ದ ಗುಟ್ಟಿಗೆ ಕ್ಷಮೆ ಕೊಡಬೇಕಾದವರು ಯಾರು? ಒಂದು ಕ್ರೈಸ್ತ ಸಸ್ಪೆನ್ಸ್ ಕಾದಂಬರಿಯ ಕೊನೆಯ ಅಧ್ಯಾಯದ ಬಗ್ಗೆ

ಇರುಳಹಾದಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ವಂದನೆ. ಸೈಬರ್ ಅಪರಾಧದ ಸುತ್ತ ಹೆಣೆದ ಒಂದು ಕ್ರೈಸ್ತ ಸಸ್ಪೆನ್ಸ್ ಕಾದಂಬರಿ ಬರೆಯುತ್ತಿದ್ದೇನೆ. ಕರಡು ಪೂರ್ತಿಯಾಗಿದೆ, ಕೊನೆಯ ಅಧ್ಯಾಯ ಮಾತ್ರ ಕೈಗೆ ಹತ್ತುತ್ತಿಲ್ಲ. ಕಥೆ ಸಂಕ್ಷಿಪ್ತವಾಗಿ ಹೇಳುತ್ತೇನೆ, ಮುಚ್ಚುಮರೆಯಿಲ್ಲದೆ ಅಭಿಪ್ರಾಯ ತಿಳಿಸಿ.

ನಾಯಕಿ ಒಂದು ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಆಪ್ತಸಮಾಲೋಚಕಿ. ಕುಡಿತ, ಮುರಿದ ಮದುವೆ, ಸಾಲ, ಆತ್ಮಹತ್ಯೆಯ ಯೋಚನೆ, ಹೀಗೆ ಜನ ತನ್ನೆದುರು ಹೇಳಿಕೊಂಡದ್ದನ್ನೆಲ್ಲ ಅವಳು ಟಿಪ್ಪಣಿ ಮಾಡಿ ಇಟ್ಟಿದ್ದಾಳೆ. ಒಂದು ದಿನ ಫೈಲುಗಳಿಗೆಲ್ಲ ಬೀಗ ಬಿದ್ದಿರುತ್ತದೆ. ಪರದೆಯ ಮೇಲೆ ಒಂದೇ ಸಂದೇಶ: ಹಣ ಕೊಡಿ, ಇಲ್ಲದಿದ್ದರೆ ಮೂರು ದಿನಕ್ಕೊಬ್ಬರ ಗುಟ್ಟು ಹೊರಗೆ ಬರುತ್ತದೆ. ಮೊದಲ ಹೆಸರು ಹೊರಬಿದ್ದೇ ಬಿಡುತ್ತದೆ. ಅಲ್ಲಿಂದ ಕಳ್ಳನ ಬೆನ್ನುಹತ್ತುವ ಕಥೆ. ಕಡೆಗೆ ಸಿಕ್ಕಿಬೀಳುವವನು ಸಭೆಯ ಕಂಪ್ಯೂಟರುಗಳನ್ನೆಲ್ಲ ಜೋಡಿಸಿಕೊಟ್ಟ ಹುಡುಗ. ಸಂಡೇ ಸ್ಕೂಲಿನಲ್ಲಿ ಇವಳೇ ಅವನಿಗೆ ಪಾಠ ಹೇಳಿಕೊಟ್ಟಿರುತ್ತಾಳೆ.

ಈಗಿರುವ ಕೊನೆ: ಜೈಲಿನ ಭೇಟಿ ಕೋಣೆಯಲ್ಲಿ ಅವನು ಅಳುತ್ತಾನೆ, ಇವಳು ಕೈ ಹಿಡಿದು ಪ್ರಾರ್ಥಿಸಿ ಕ್ಷಮಿಸುತ್ತಾಳೆ. ಓದಿದವರೆಲ್ಲ ಹೇಳಿದ್ದು ಒಂದೇ ಮಾತು, ಅಲ್ಲಿಯವರೆಗೆ ಉಸಿರು ಬಿಗಿಹಿಡಿದು ಓದಿದೆವು, ಅಲ್ಲಿ ಪುಸ್ತಕ ಕೆಳಗಿಟ್ಟೆವು ಅಂತ. ಕ್ಷಮೆ ಇಲ್ಲದೆ ಈ ಕಾದಂಬರಿ ಮುಗಿಸಲು ನನಗೆ ಮನಸ್ಸಿಲ್ಲ. ಅದಕ್ಕಾಗಿಯೇ ಬರೆಯಲು ಕೂತವನು ನಾನು. ಆದರೆ ಅದು ಅಗ್ಗವಾಗದಂತೆ ಬರೆಯುವುದು ಹೇಗೆ?

ಡಿಸ್ಕ್‌ಓದುಗ

ಬ್ರದರ್, ಡಿಜಿಟಲ್ ಫೊರೆನ್ಸಿಕ್ಸ್, ಅಂದರೆ ಕಂಪ್ಯೂಟರುಗಳಲ್ಲಿ ಅಪರಾಧದ ಕುರುಹು ಹುಡುಕುವುದು, ನನ್ನ ದಿನನಿತ್ಯದ ಕೆಲಸ. ದೇವಶಾಸ್ತ್ರ ಬಲ್ಲವರು ಆಮೇಲೆ ಬರಲಿ, ಮೊದಲು ಅಪರಾಧವನ್ನೇ ಸ್ವಲ್ಪ ಬಿಡಿಸಿ ನೋಡೋಣ. ನಿಮ್ಮ ಕೊನೆಯ ಅಧ್ಯಾಯದ ತೊಡಕು ಅಲ್ಲಿಂದಲೇ ಶುರುವಾಗಿದೆ ಅನ್ನಿಸುತ್ತದೆ.

ನಿಮ್ಮ ಕಥೆಯಲ್ಲಿ ಎರಡು ಅಪರಾಧಗಳು ಒಂದರೊಳಗೊಂದು ಸೇರಿಕೊಂಡಿವೆ. ಫೈಲಿಗೆ ಬೀಗ ಹಾಕಿದ್ದು ಒಂದು, ಫೈಲನ್ನು ಹೊರಗೆ ಬಿಟ್ಟದ್ದು ಇನ್ನೊಂದು. ಹಣಕ್ಕಾಗಿ ಫೈಲಿಗೆ ಬೀಗ ಹಾಕುವ ಪ್ರೋಗ್ರಾಮಿಗೆ ರ‍್ಯಾನ್ಸಮ್‌ವೇರ್ ಎನ್ನುತ್ತಾರೆ. ಸರಿಯಾಗಿ ಬರೆದ ರ‍್ಯಾನ್ಸಮ್‌ವೇರ್ ಫೈಲುಗಳನ್ನು ಎಇಎಸ್ ಎಂಬ ಗೂಢಲಿಪಿ ವಿಧಾನದಿಂದ, ಒಂದು ಕೀ ಬಳಸಿ ಮುಚ್ಚುತ್ತದೆ, ಆ ಕೀಯನ್ನು ಮತ್ತೆ ಆರ್‌ಎಸ್‌ಎ ಎಂಬ ಇನ್ನೊಂದು ವಿಧಾನದ ಸಾರ್ವಜನಿಕ ಕೀಯಿಂದ, ಅಂದರೆ ಮುಚ್ಚಲು ಮಾತ್ರ ಬರುವ ಕೀಯಿಂದ, ಮುಚ್ಚುತ್ತದೆ. ಬಿಡಿಸುವ ಖಾಸಗಿ ಕೀ ಇರುವುದು ಅಪರಾಧಿಯ ಕೈಯಲ್ಲಿ ಮಾತ್ರ. ಆದರೆ ಅವನು ಮನಸ್ಸು ಮಾಡಿದರೆ ಅದನ್ನು ವಾಪಸ್ ಕೊಡಬಹುದು. ಇದು ನಿಜವಾಗಿ ನಡೆದೂ ಇದೆ. 2016ರ ಮೇ ತಿಂಗಳಲ್ಲಿ ಟೆಸ್ಲಾಕ್ರಿಪ್ಟ್ ಎಂಬ ರ‍್ಯಾನ್ಸಮ್‌ವೇರ್ ನಡೆಸುತ್ತಿದ್ದವರು ಅಂಗಡಿ ಮುಚ್ಚಿದರು. ಈಸೆಟ್ ಎಂಬ ಸೈಬರ್ ಭದ್ರತಾ ಕಂಪನಿಯ ಸಂಶೋಧಕರೊಬ್ಬರು ಅವರದೇ ಸಂಪರ್ಕ ಪುಟದಲ್ಲಿ ಎಲ್ಲರ ಫೈಲುಗಳನ್ನೂ ಬಿಡಿಸುವ ಮಾಸ್ಟರ್ ಕೀ ಕೊಡುತ್ತೀರಾ ಎಂದು ಕೇಳಿದರು. ಅವರು ಕೀ ಪ್ರಕಟಿಸಿ, ಪಕ್ಕದಲ್ಲಿ ಕ್ಷಮೆಯನ್ನೂ ಕೇಳಿದರು.

ಹೊರಗೆ ಹೋದ ಗುಟ್ಟಿಗೆ ಅಂಥ ಕೀ ಇಲ್ಲ. ಫಿನ್ಲೆಂಡಿನ ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ಪ್ರಕರಣ ಹುಡುಕಿ ಓದಿ, ನಿಮ್ಮ ಕಥೆಗೆ ತೀರಾ ಹತ್ತಿರದ್ದು. 2020ರ ಅಕ್ಟೋಬರಿನಲ್ಲಿ ಸುಮಾರು 33,000 ರೋಗಿಗಳ ಚಿಕಿತ್ಸಾ ಟಿಪ್ಪಣಿಗಳನ್ನು ಹಿಡಿದುಕೊಂಡು ಒಬ್ಬ ಸಂಸ್ಥೆಯನ್ನು ಬೆದರಿಸಿದ, ಆಮೇಲೆ ರೋಗಿಗಳಿಗೇ ನೇರವಾಗಿ ಇಮೇಲ್ ಕಳಿಸಿದ: 24 ಗಂಟೆಯೊಳಗೆ 200 ಯೂರೊ, ತಡವಾದರೆ 500. ಸಂಸ್ಥೆ ಮರುವರ್ಷ ದಿವಾಳಿಯಾಯಿತು. 2024ರ ಏಪ್ರಿಲ್‌ನಲ್ಲಿ ಜಿಲ್ಲಾ ನ್ಯಾಯಾಲಯ ಆರೋಪಿಗೆ ಆರು ವರ್ಷ ಮೂರು ತಿಂಗಳ ಶಿಕ್ಷೆ ಕೊಟ್ಟಿತು. ಆ ಟಿಪ್ಪಣಿಗಳು? ಯಾರ ಯಾರ ಕಂಪ್ಯೂಟರಿನಲ್ಲಿ ಕೂತಿವೆಯೋ ಯಾರಿಗೂ ಗೊತ್ತಿಲ್ಲ. ಯಾವ ತೀರ್ಪೂ ಅವನ್ನು ಮರಳಿ ತರುವುದಿಲ್ಲ.

ಹಾಗಾಗಿ ನಿಮ್ಮ ಹುಡುಗ ಎಷ್ಟೇ ಅತ್ತರೂ ಮಾಡಿದ್ದನ್ನು ಬಿಡಿಸಲಾರ. ಈ ಮಾತು ಅವನಿಗೂ ಗೊತ್ತಿರಬೇಕು, ಓದುಗನಿಗೂ. ಈಗಿನ ಕರಡಿನಲ್ಲಿ ಅದು ಬಂದಿದೆಯೇ?

ಇರುಳಹಾದಿ

ಬಂದಿಲ್ಲ. ಕೀ ಸಿಗುತ್ತದೆ, ಫೈಲು ತೆರೆಯುತ್ತವೆ, ಎಲ್ಲ ಮೊದಲಿನಂತೆ ಆಗುತ್ತದೆ. ಹೊರಗೆ ಹೋದ ಮೊದಲ ಹೆಸರಿನ ವ್ಯಕ್ತಿ ಆಮೇಲೆ ಕಥೆಯಲ್ಲಿ ಮತ್ತೆ ಕಾಣಿಸಿಕೊಳ್ಳುವುದೇ ಇಲ್ಲ. ಹುಡುಗ ಸಿಕ್ಕಿಬೀಳುವ ಬಗೆಯನ್ನೂ ದಯವಿಟ್ಟು ಹೇಳಿ ಸರ್. ಈಗ ಅವನು ಒಂದು ಸಂದೇಶದಲ್ಲಿ ಬೈಬಲ್ ವಚನ ಬಳಸಿ ತಾನೇ ಸುಳಿವು ಕೊಡುತ್ತಾನೆ.

ಡಿಸ್ಕ್‌ಓದುಗ

ವಚನದ ಸುಳಿವು ಬಿಟ್ಟುಬಿಡಿ. ನಿಜ ತನಿಖೆಯಲ್ಲಿ ಸಿಗುವುದು ಸಪ್ಪೆ ವಿಷಯಗಳು, ಎದೆ ನಡುಗಿಸುವುದೂ ಅವೇ.

ಇದನ್ನು ಯೋಚಿಸಿ ನೋಡಿ. ತನಿಖೆ ಮಾಡುವವಳು ಮೊದಲು ಡಿಸ್ಕನ್ನು, ಅದರಲ್ಲಿ ಏನೂ ಬದಲಾಗದಂತೆ ತಡೆಯುವ ರೈಟ್ ಬ್ಲಾಕರ್ ಎಂಬ ಸಾಧನಕ್ಕೆ ಸಿಕ್ಕಿಸಿ ಪ್ರತಿ ತೆಗೆಯುತ್ತಾಳೆ. ಮೂಲದ ಹ್ಯಾಶ್ (ಇಡೀ ಮಾಹಿತಿಯಿಂದ ಲೆಕ್ಕಹಾಕಿ ತೆಗೆದ ಗುರುತುಸಂಖ್ಯೆ), ಪ್ರತಿಯ ಹ್ಯಾಶ್ ಎರಡನ್ನೂ ತಾಳೆ ನೋಡಿ ಬರೆದಿಡುತ್ತಾಳೆ. ಒಂದೇ ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರಾ ಬೇರೆಯಾಗುತ್ತದೆ. ಆಮೇಲೆ ಲಾಗ್, ಅಂದರೆ ಯಾರ ಖಾತೆ ಯಾವಾಗ ತೆರೆಯಿತು ಎಂಬ ದಾಖಲೆ, ಓದುತ್ತ ಕೂರುತ್ತಾಳೆ. ಸಭೆಯ ಸ್ವಯಂಸೇವಕನೊಬ್ಬನ ಖಾತೆ ಇದೆ. ಅವನು ಸಭೆ ಬಿಟ್ಟು ಹೋಗಿ ಬಹಳ ದಿನವಾಗಿದೆ, ಖಾತೆಯನ್ನು ಯಾರೂ ಮುಚ್ಚಿಲ್ಲ. ಅವನು ಇದ್ದಷ್ಟು ಕಾಲ ಆ ಖಾತೆ ತೆರೆದದ್ದು ಭಾನುವಾರ ಬೆಳಿಗ್ಗೆ ಮಾತ್ರ, ಆರಾಧನೆಗೆ ಮುಂಚೆ ಹಾಡಿನ ಸ್ಲೈಡು ಹಾಕಲು. ಈಗ ಬುಧವಾರ ನಡುರಾತ್ರಿ 2 ಗಂಟೆ 13 ನಿಮಿಷಕ್ಕೆ ತೆರೆದಿದೆ. ಪಾಸ್‌ವರ್ಡ್ ಒಂದು ಸಲವೂ ತಪ್ಪಿಲ್ಲ.

ಊಹಿಸಿ ಊಹಿಸಿ ಹೊಡೆಯುವವನು ತಪ್ಪುತ್ತಾನೆ. ತಪ್ಪದವನಿಗೆ ಪಾಸ್‌ವರ್ಡ್ ಮೊದಲೇ ಗೊತ್ತು. ಆ ಖಾತೆ ಮಾಡಿಕೊಟ್ಟವರು ಯಾರು ಎಂದು ತನಿಖೆಯವಳು ಕೇಳುತ್ತಾಳೆ, ಉತ್ತರ ಹೇಳಬೇಕಾದವಳು ನಿಮ್ಮ ನಾಯಕಿ. ಬಾಯಿ ತೆರೆಯುವ ಮುಂಚೆಯೇ ಅವಳಿಗೆ ಗೊತ್ತಾಗಿಬಿಡುತ್ತದೆ.

ಸಾಸಿವೆಕಾಳು

ಡಿಸ್ಕ್‌ಓದುಗ ಸರ್ ಹೇಳಿದ್ದು ನನಗೆ ತುಂಬ ಹಿಡಿಸಿತು. ನಾನು ಬೈಬಲ್ ಪಾಠ ಹೇಳುವವಳು, ಸಸ್ಪೆನ್ಸ್ ಕಾದಂಬರಿ ಓದುವವಳೂ ಹೌದು.

ಇರುಳಹಾದಿ ಬ್ರದರ್, ನಿಮಗೆ ಮಾದರಿ ಬೇಕಿದ್ದರೆ ದೂರ ಹೋಗಬೇಕಿಲ್ಲ. ಆದಿಕಾಂಡ 42ರಿಂದ 45 ಓದಿ, ಆದರೆ ಪಾಠ ಎಂದಲ್ಲ, ಸಸ್ಪೆನ್ಸ್ ಕಥೆ ಎಂದು ಓದಿ. ಈಗ ಐಗುಪ್ತದ ಅಧಿಕಾರಿಯಾಗಿರುವ ಯೋಸೇಫನಿಗೆ ಹಿಂದೆ ತನ್ನನ್ನು ಮಾರಿದ ಅಣ್ಣಂದಿರ ಗುರುತು ಸಿಗುತ್ತದೆ, ಅವರಿಗೆ ಇವನ ಗುರುತು ಸಿಗುವುದಿಲ್ಲ. ನಡುವೆ ದುಭಾಷಿ ನಿಂತಿದ್ದಾನೆ, ಇವನಿಗೆ ಭಾಷೆ ಬರುವುದಿಲ್ಲವೆಂದು ನಂಬಿ ಅವರು ಇವನೆದುರೇ ತಮ್ಮ ಹಳೆಯ ಪಾಪವನ್ನು ಮಾತಾಡಿಕೊಳ್ಳುತ್ತಾರೆ. ಇವನು ಮುಖ ತಿರುಗಿಸಿ ಅತ್ತು ಮತ್ತೆ ಬರುತ್ತಾನೆ. ಬಂದು ಏನು ಮಾಡುತ್ತಾನೆ? ತಬ್ಬಿಕೊಳ್ಳುವುದಿಲ್ಲ. ಅವರಲ್ಲೊಬ್ಬನಾದ ಸಿಮೆಯೋನನನ್ನು ಅವರ ಕಣ್ಣೆದುರೇ ಕಟ್ಟಿಸುತ್ತಾನೆ. ಚೀಲದಲ್ಲಿ ಹಣ ಇಡಿಸುತ್ತಾನೆ. ಆಮೇಲೆ ತಮ್ಮ ಬೆನ್ಯಾಮೀನನ ಮೇಲೆ ಕಳ್ಳತನದ ಆರೋಪ ಬರುವಂತೆ ಅವನ ಚೀಲದಲ್ಲಿ ಬೆಳ್ಳಿ ಬಟ್ಟಲು.

ಇಷ್ಟೆಲ್ಲ ಸೇಡಿಗಾಗಿ ಎಂದು ಓದಿದರೆ ಕಥೆ ಕೈತಪ್ಪುತ್ತದೆ. ಹಿಂದೆ ನನ್ನನ್ನು ಮಾರಿದ ಹಾಗೆ ಈ ಸಲ ತಮ್ಮನನ್ನೂ ಬಿಟ್ಟುಹೋಗುತ್ತಾರಾ? ಅವನಿಗೆ ಬೇಕಾಗಿದ್ದದ್ದು ಆ ಒಂದೇ ಉತ್ತರ. ಯೋಸೇಫನನ್ನು ಮಾರೋಣ ಎಂದು ಅಂದು ಸೂಚಿಸಿದ ಯೆಹೂದನೇ ಇಂದು ಹುಡುಗನ ಬದಲಿಗೆ ನಾನು ಗುಲಾಮನಾಗಿ ಉಳಿಯುತ್ತೇನೆ ಎಂದು ಮುಂದೆ ಬಂದಾಗ ಯೋಸೇಫನ ಕಟ್ಟೆ ಒಡೆಯುತ್ತದೆ. ಕ್ಷಮೆಯೇ ಕಥೆಯ ಅತಿ ಬಿಗಿಯಾದ ಜಾಗ ಅದು. ನಿಮ್ಮ ಕಾದಂಬರಿಯಲ್ಲಿ ಹಗ್ಗ ಸಡಿಲವಾದ ಮೇಲೆ ಕ್ಷಮೆ ಬರುತ್ತಿದೆ. ಹುಡುಗ ಸಿಕ್ಕಿಬಿದ್ದಾಗ ಸಸ್ಪೆನ್ಸ್ ಮುಗಿಯಬಾರದು, ಅಲ್ಲಿಂದ ಎರಡನೆಯದು ಶುರುವಾಗಬೇಕು.

ದ್ರಾಕ್ಷಿತೋಟ

ನನಗೂ ಒಂದು ಮಾತು ಹೇಳಬೇಕಿದೆ. ಆನ್‌ಲೈನ್ ವಂಚನೆಯಲ್ಲಿ ನನ್ನ ಉಳಿತಾಯ ಹೋಗಿದೆ. ಅದಾದ ಮೇಲೆ ನನಗೆ ಅತ್ಯಂತ ನೋವು ಕೊಟ್ಟದ್ದು ಪ್ರಾರ್ಥನಾ ಗುಂಪಿನವರು ಪ್ರೀತಿಯಿಂದಲೇ ಹೇಳಿದ ಮಾತು: "ಕ್ಷಮಿಸಿಬಿಡಿ ಸಿಸ್ಟರ್, ದೂರು ಗೀರು ಬೇಡ, ಕರ್ತನು ನೋಡಿಕೊಳ್ಳುತ್ತಾನೆ."

ನಾನು ದೂರು ಕೊಟ್ಟೆ. ಕ್ಷಮಿಸಲೂ ಪ್ರಯತ್ನಿಸುತ್ತಿದ್ದೇನೆ. ಎರಡೂ ಒಂದೇ ಎದೆಯಲ್ಲಿ ಇರಬಹುದು ಎಂದು ಯಾವ ಕಾದಂಬರಿಯೂ ನನಗೆ ತೋರಿಸಿಕೊಟ್ಟಿಲ್ಲ. ನಿಮ್ಮ ನಾಯಕಿ ದಯವಿಟ್ಟು ಪ್ರಕರಣ ಹಿಂದಕ್ಕೆ ತೆಗೆದುಕೊಳ್ಳದಿರಲಿ. ನ್ಯಾಯಾಲಯದಲ್ಲಿ ನಿಂತು ಸಾಕ್ಷಿ ಹೇಳಲಿ, ಅದೇ ಸಂಜೆ ಅವನಿಗಾಗಿ ಪ್ರಾರ್ಥಿಸಲಿ.

ಇನ್ನೊಂದು. ವಂಚನೆಯ ಕರೆ ಮಾಡುವವರಲ್ಲಿ ಎಷ್ಟೋ ಜನ ತಾವೇ ಸೆರೆಯಾಳುಗಳು ಎಂದು ಆಮೇಲೆ ಓದಿದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟಿನಲ್ಲಿ ಕೊಟ್ಟ ವರದಿಯ ಪ್ರಕಾರ ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಜನ, ಕಾಂಬೋಡಿಯಾದಲ್ಲಿ ಸುಮಾರು ಒಂದು ಲಕ್ಷ ಜನ ಹೀಗೆ ಬಲವಂತಕ್ಕೆ ಸಿಕ್ಕಿ ಆನ್‌ಲೈನ್ ವಂಚನೆ ಮಾಡುತ್ತಿರಬಹುದು. ಕೆಲಸದ ಆಸೆಗೆ ಹೋದವರು, ಪಾಸ್‌ಪೋರ್ಟ್ ಕಿತ್ತುಕೊಂಡು ಕೂಡಿಹಾಕಿದವರು. ನನ್ನ ಜೊತೆ ಅಷ್ಟು ಸವಿಯಾಗಿ ಮಾತಾಡಿದ ದನಿಯ ಹಿಂದೆ ಒಬ್ಬ ಕಾವಲುಗಾರ ನಿಂತಿದ್ದನೋ ಏನೋ. ಇದು ತಿಳಿದ ಮೇಲೆ ನನ್ನ ಪ್ರಾರ್ಥನೆ ಬದಲಾಯಿತು. ದೂರು ಬದಲಾಗಲಿಲ್ಲ. ಇಂಥ ಖಳನನ್ನು ಇಟ್ಟುಕೊಂಡು ಯಾರಾದರೂ ಬರೆಯಿರಿ, ನಾನು ಮೊದಲು ಓದುತ್ತೇನೆ.

ತೆರೆದಬಾಗಿಲು

ದ್ರಾಕ್ಷಿತೋಟ ಸಿಸ್ಟರ್ ಅವರ ನೋವಿಗೆ ತಲೆಬಾಗುತ್ತೇನೆ. ಆದರೆ ಚರ್ಚೆ ಹೋಗುತ್ತಿರುವ ದಾರಿಗೆ ನನ್ನ ಒಪ್ಪಿಗೆ ಇಲ್ಲ. ಪರೀಕ್ಷೆ, ಪರಿಹಾರ, ಸಾಕ್ಷಿ ಎಂದು ಷರತ್ತು ಹಾಕುತ್ತಾ ಹೋದರೆ ಕೃಪೆಗೆ ಜಾಗ ಎಲ್ಲಿ? ಲೂಕ 15ರ ದೃಷ್ಟಾಂತದಲ್ಲಿ ಆಸ್ತಿ ಹಾಳುಮಾಡಿ ಮನೆಗೆ ಮರಳುವ ಮಗ ಒಪ್ಪಿಸಬೇಕಾದ ಮಾತನ್ನು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬರುತ್ತಾನೆ. ಅವನಿನ್ನೂ ದೂರದಲ್ಲಿದ್ದಾಗಲೇ ತಂದೆ ಓಡಿಬಂದು ಮುದ್ದಿಟ್ಟಾಗಿರುತ್ತದೆ, ಮಾತು ಪೂರ್ತಿ ಮುಗಿಸಲೂ ಬಿಡುವುದಿಲ್ಲ. ಕಳೆದ ಆಸ್ತಿಯ ಲೆಕ್ಕ ಕೇಳುವುದಿಲ್ಲ. ಮತ್ತಾಯ 18ರಲ್ಲಿ ಅರಸನು ಒಬ್ಬ ಸೇವಕನಿಗೆ ಮನ್ನಾ ಮಾಡಿದ ಸಾಲ ಹತ್ತು ಸಾವಿರ ತಲಾಂತು. ಒಂದು ತಲಾಂತಿಗೆ ಸುಮಾರು ಆರು ಸಾವಿರ ದಿನಾರಿ, ಒಂದು ದಿನಾರಿ ಎಂದರೆ ಒಂದು ದಿನದ ಕೂಲಿ. ಎಷ್ಟು ಜನ್ಮ ದುಡಿದರೂ ತೀರದ ಸಾಲ! ತೀರಿಸಲಾಗದು ಎಂದೇ ಮನ್ನಾ ಮಾಡಿದ್ದು.

ಜೈಲಿನಲ್ಲಿ ಕೈ ಹಿಡಿದು ಕ್ಷಮಿಸುವ ದೃಶ್ಯ ನನಗಂತೂ ಸಾಕು. ಇರುಳಹಾದಿಯವರು ಓದುಗರಿಗೆ ಹೆದರಿ ಸುವಾರ್ತೆಯ ತುದಿ ಮೊಂಡಾಗಿಸುವುದು ಬೇಡ.

ಸಾಸಿವೆಕಾಳು

ತೆರೆದಬಾಗಿಲು ಅವರೇ, ನೀವು ಎತ್ತಿದ್ದು ಇಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು, ಅದನ್ನು ಪಕ್ಕಕ್ಕಿಟ್ಟು ಮುಂದೆ ಹೋಗಲಾಗದು. ತಂದೆ ಮೊದಲು ಓಡಿದ, ನಿಜ. ತೆರಿಗೆ ವಸೂಲಿಗಾರ ಜಕ್ಕಾಯನ ವಿಷಯದಲ್ಲೂ ಯೇಸು ಮೊದಲು ಅವನ ಮನೆಗೇ ಹೋದದ್ದು. ಯಾವ ಷರತ್ತೂ ಇರಲಿಲ್ಲ. ಆದರೆ ಕರ್ತನು ಮನೆಗೆ ಬಂದ ಮೇಲೆ ಜಕ್ಕಾಯ ಸುಮ್ಮನೆ ಕೂರಲಿಲ್ಲ. ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಎಂದ. ಅರಣ್ಯಕಾಂಡ 5ರಲ್ಲಿ ಕೇಳಿದ್ದು ಪೂರ್ತಿ ಮೊತ್ತ, ಅದರ ಮೇಲೆ ಐದನೇ ಒಂದು ಪಾಲು. ಜಕ್ಕಾಯ ಅದನ್ನು ದಾಟಿ ಹೋದ. ಬೆಲೆ ಕೊಟ್ಟು ಕೃಪೆ ಕೊಂಡುಕೊಂಡದ್ದಲ್ಲ ಅದು. ಕೃಪೆ ಸಿಕ್ಕವನ ಕೈ ತಾನಾಗಿ ಬಿಚ್ಚಿಕೊಂಡದ್ದು.

ಫಿಲೆಮೋನನಿಗೆ ಬರೆದ ಪತ್ರದಲ್ಲಿ ಪೌಲ, ಫಿಲೆಮೋನನ ಗುಲಾಮನಾಗಿದ್ದ ಒನೇಸಿಮನ ಪರವಾಗಿ ಬೇಡಿಕೊಳ್ಳುತ್ತಾನೆ. ಆದರೂ ಅವನೇನಾದರೂ ಸಾಲಗಾರನಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಬರೆದುಕೋ, ನಾನೇ ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದುಕೊಡುತ್ತಾನೆ. ಸಾಲ ಇಲ್ಲವೆಂದು ನಟಿಸುವುದಿಲ್ಲ.

ನೀವು ಹೇಳಿದ ತಂದೆಯ ದೃಷ್ಟಾಂತದಲ್ಲಿ ಇನ್ನೊಂದು ಸಂಗತಿ ಇದೆ. ಮಗ ಹಾಳು ಮಾಡಿದ್ದು ತಂದೆ ಹಂಚಿಕೊಟ್ಟ ಆಸ್ತಿ, ಆದ್ದರಿಂದ ಕ್ಷಮಿಸುವ ಅಧಿಕಾರ ತಂದೆಗಿತ್ತು. ಆ ಟಿಪ್ಪಣಿಗಳಲ್ಲಿರುವ ಗುಟ್ಟು ಯಾರದ್ದು? ನಾಯಕಿಯದ್ದಂತೂ ಅಲ್ಲ.

ಇರುಳಹಾದಿ

ಸಿಸ್ಟರ್, ಈ ಕೊನೆಯ ಸಾಲು ಓದಿ ಕರಡು ಮತ್ತೆ ತೆರೆದೆ. ಅವಳು ಇಡೀ ಸಭೆಯ ಪರವಾಗಿ ಕ್ಷಮಿಸುತ್ತಿದ್ದಾಳೆ. ಅವಳ ವಿಶ್ವಾಸಕ್ಕೆ ಅವನು ದ್ರೋಹ ಮಾಡಿದ, ಅದನ್ನು ಅವಳು ಕ್ಷಮಿಸಬಹುದು. ಹೆಸರು ಹೊರಬಿದ್ದವರ ಪಾಲಿನದನ್ನು ಅವಳು ಹೇಗೆ ಕ್ಷಮಿಸುತ್ತಾಳೆ?

ಡಿಸ್ಕ್‌ಓದುಗ

ಇದೇ ಸರಿಯಾದ ಗಂಟು. 2020ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಡ್ಯುಸೆಲ್ಡಾರ್ಫ್ ವಿಶ್ವವಿದ್ಯಾಲಯದ ಆಸ್ಪತ್ರೆಯ ಸರ್ವರುಗಳಿಗೆ ಬೀಗ ಬಿತ್ತು. ಬೆದರಿಕೆ ಪತ್ರ ವಿಶ್ವವಿದ್ಯಾಲಯದ ಹೆಸರಿಗಿತ್ತು. ನೀವು ಹೊಡೆದದ್ದು ಆಸ್ಪತ್ರೆಗೆ ಎಂದು ಪೊಲೀಸರು ದಾಳಿಕೋರರಿಗೆ ತಿಳಿಸಿದ ಕೂಡಲೇ ಅವರು ಹಣದ ಬೇಡಿಕೆ ಬಿಟ್ಟು ಕೀ ಕೊಟ್ಟರು. ಆ ನಡುವೆ ತುರ್ತಾಗಿ ಬಂದ ಒಬ್ಬ ರೋಗಿಯನ್ನು ಬೇರೆ ಊರಿನ ಆಸ್ಪತ್ರೆಗೆ ಸಾಗಿಸಬೇಕಾಯಿತು, ಆಕೆ ತೀರಿಕೊಂಡರು. ದಾಳಿಯೇ ಸಾವಿಗೆ ಕಾರಣ ಎಂದು ಕಾನೂನಿನ ಮಟ್ಟದಲ್ಲಿ ಸಾಬೀತು ಮಾಡಲು ತನಿಖೆಗೆ ಆಗಲಿಲ್ಲ. ಕೀ ಕೊಟ್ಟವನಿಗೆ ಆಸ್ಪತ್ರೆ ಕ್ಷಮೆ ಹೇಳಬಹುದು ಅಂತಿಟ್ಟುಕೊಳ್ಳಿ. ಆ ಕುಟುಂಬದ ಪರವಾಗಿ ಹೇಳಲು ಅದಕ್ಕೆ ಆಗುತ್ತದೆಯೇ?

ಹುಡುಗನ ಮುಂದಿನ ಬಾಳಿಗೂ ಒಂದು ದಾರಿ ಇಡಿ. ಬ್ರಿಟಿಷ್ ಸೈಬರ್ ಭದ್ರತಾ ಸಂಶೋಧಕ ಮಾರ್ಕಸ್ ಹಚಿನ್ಸ್ ಅವರ ವಿಷಯ ನೋಡಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಹರಡುತ್ತಿದ್ದಾಗ ಅದರ ಕೋಡಿನೊಳಗಿದ್ದ ಒಂದು ಡೊಮೇನ್ ಹೆಸರನ್ನು (ವೆಬ್ ವಿಳಾಸವನ್ನು) ನೋಂದಾಯಿಸಿ ಅದನ್ನು ನಿಲ್ಲಿಸಿದವರು. ಅದೇ ಆಗಸ್ಟಿನಲ್ಲಿ ಬಂಧನವಾಯಿತು, ಹಿಂದೆ ಕ್ರೋನೋಸ್ ಎಂಬ ಬ್ಯಾಂಕಿಂಗ್ ಮಾಲ್‌ವೇರ್, ಅಂದರೆ ಬ್ಯಾಂಕ್ ಖಾತೆಯ ವಿವರ ಕದಿಯುವ ಪ್ರೋಗ್ರಾಮ್, ಬರೆದದ್ದಕ್ಕೆ. 2019ರಲ್ಲಿ ತಪ್ಪೊಪ್ಪಿಕೊಂಡರು. ನ್ಯಾಯಾಧೀಶರು ಅಪರಾಧವನ್ನು ಅಳಿಸಲಿಲ್ಲ, ಆದರೆ ಮತ್ತೆ ಜೈಲಿಗೂ ಕಳಿಸಲಿಲ್ಲ. ಆಗಲೇ ಬಂಧನದಲ್ಲಿ ಕಳೆದ ದಿನಗಳೇ ಶಿಕ್ಷೆ, ಜೊತೆಗೆ ಒಂದು ವರ್ಷದ ನಿಗಾ. ಅಪರಾಧವನ್ನು ಅಪರಾಧವೆಂದೇ ಕರೆದು ಮನುಷ್ಯನಿಗೆ ದಾರಿ ಬಿಡುವುದು ನ್ಯಾಯಾಲಯಕ್ಕೇ ಸಾಧ್ಯವಾದರೆ ಕಾದಂಬರಿಗೆ ಕಷ್ಟವೇ?

ಹಳೆಯಪುಟ

ಈ ಪ್ರಕಾರದ ಪುಸ್ತಕಗಳನ್ನು ಬಿಡದೆ ಓದುವವಳಾಗಿ ಎರಡೇ ಮಾತು. ಪ್ರಾರ್ಥನೆ ಮುಗಿದ ಮರುಕ್ಷಣ ಪಾಸ್‌ವರ್ಡ್ ಹೊಳೆಯುವ ದೃಶ್ಯ ಇದ್ದರೆ ತೆಗೆಯಿರಿ. ಸುಳಿವು ಬೆವರು ಸುರಿಸಿದವರಿಗೆ ಸಿಗಲಿ, ಪ್ರಾರ್ಥನೆ ಮಾಡಿದವಳಿಗೆ ಆ ಸುಳಿವನ್ನು ತಾಳಿಕೊಳ್ಳುವ ಬಲ ಸಿಗಲಿ. ಮತ್ತೆ, ಯಾರ ಬಾಯಲ್ಲೂ ಒಂದು ಪುಟದ ಉಪದೇಶ ಬೇಡ. ಪ್ರವಾದಿ ನಾತಾನನು, ಇನ್ನೊಬ್ಬನ ಹೆಂಡತಿಯನ್ನು ಕಿತ್ತುಕೊಂಡ ಅರಸ ದಾವೀದನಿಗೆ ಉಪದೇಶ ಮಾಡಲಿಲ್ಲ, ಬಡವನ ಕುರಿಮರಿಯ ಕಥೆ ಹೇಳಿದ, ಆ ಮನುಷ್ಯ ನೀನೇ ಎಂದ. ಕ್ಷಮೆಯ ಮಾತು ಬಂದದ್ದು ಆಮೇಲೆ, ಕ್ಷಮೆ ಸಿಕ್ಕ ಮೇಲೂ ದಾವೀದನ ಮನೆಯಿಂದ ಕತ್ತಿ ತೊಲಗಲಿಲ್ಲ.

ಇರುಳಹಾದಿ

ಎಲ್ಲರ ಮಾತು ಇಟ್ಟುಕೊಂಡು ಹೊಸದಾಗಿ ಬರೆಯುತ್ತಿದ್ದೇನೆ. ಜೈಲಿನ ದೃಶ್ಯ ಈಗ ಕೊನೆಯಲ್ಲಿಲ್ಲ, ಮುಂಚೆ ಬಂದಿದೆ. ಹುಡುಗ ಕ್ಷಮೆ ಕೇಳುತ್ತಾನೆ. ಅವಳು ತನ್ನ ಪಾಲಿನದನ್ನು ಕೊಡುತ್ತಾಳೆ, ಉಳಿದದ್ದು ನನ್ನ ಕೈಯಲ್ಲಿಲ್ಲ ಎನ್ನುತ್ತಾಳೆ. ಅವನು ಒಬ್ಬೊಬ್ಬರಿಗೂ ಪತ್ರ ಬರೆಯುತ್ತಾನೆ. ತಲುಪಿಸುವ ಮುಂಚೆ ಪ್ರತಿಯೊಬ್ಬರನ್ನೂ ಕೇಳುವ ಕೆಲಸ ಅವಳದು. ಮೊದಲು ಹೆಸರು ಹೊರಬಿದ್ದ ವ್ಯಕ್ತಿಯ ಮನೆಯ ದೃಶ್ಯ ಇದು:

*ಅವರು ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ.*

*"ಪತ್ರ ತಂದಿದ್ದೇನೆ. ಬೇಡ ಅಂದರೆ ವಾಪಸ್ ತೆಗೆದುಕೊಂಡು ಹೋಗ್ತೇನೆ."*

*"ನೀವು ಓದಿದ್ದೀರಾ?"*

*"ಇಲ್ಲ."*

*"ನನ್ನದನ್ನು ಮಾತ್ರ ಎಲ್ಲರೂ ಓದಿದರು." ಅವರು ಲಕೋಟೆ ಮುಟ್ಟಲಿಲ್ಲ. "ನಿಮ್ಮನ್ನೊಂದು ಕೇಳಬೇಕು. ನಾನು ಹೇಳಿದ್ದನ್ನು ನೀವು ಯಾಕೆ ಬರೆದಿಟ್ಟಿರಿ? ನಾನು ಬರೆದುಕೊಳ್ಳಿ ಅಂದಿರಲಿಲ್ಲ."*

*ಅವಳ ಹತ್ತಿರ ಉತ್ತರವಿತ್ತು. ನಿಯಮ, ಅನುಕೂಲ, ನೆನಪು. ಯಾವುದೂ ಬಾಯಿಗೆ ಬರಲಿಲ್ಲ.*

*"ಅವನನ್ನು ಕ್ಷಮಿಸೋದು ಆಮೇಲೆ ನೋಡೋಣ," ಎಂದರು ಅವರು. "ಮೊದಲು ನಿಮ್ಮದು ಇತ್ಯರ್ಥ ಆಗಲಿ."*

ದ್ರಾಕ್ಷಿತೋಟ

ಬ್ರದರ್, ಇದನ್ನು ಓದಿ ಕಣ್ಣು ತುಂಬಿ ಬಂತು. ಕ್ಷಮಿಸಲು ಹೊರಟವಳೇ ಕ್ಷಮೆ ಕೇಳಬೇಕಾದವಳು ಆದಳು. ಅವಳು ತಕ್ಷಣ ಅಳುವಂತೆ ಮಾಡಬೇಡಿ. ಅವರ ಪ್ರಶ್ನೆಗೆ ಅವಳು ನೇರ ಉತ್ತರ ಕೊಡಲಿ, ಅಲ್ಲಿಂದ ಮುಂದಿನ ಮನೆಗೆ ಹೋಗಲಿ. ಕೆಲವರು ಪತ್ರ ತೆಗೆದುಕೊಳ್ಳಲಿ, ಕೆಲವರು ಬೇಡವೆನ್ನಲಿ. ಬೇಡವೆಂದವರನ್ನು ಕಾದಂಬರಿ ಕೆಟ್ಟವರನ್ನಾಗಿ ಮಾಡದಿರಲಿ, ಇದೊಂದು ನನ್ನ ಕಳಕಳಿಯ ವಿನಂತಿ.

ತೆರೆದಬಾಗಿಲು

ನನ್ನ ಆಕ್ಷೇಪ ಅರ್ಧ ಇಳಿದಿದೆ. ಉಳಿದರ್ಧ ಇದು: ಹುಡುಗನ ಪತ್ರದಲ್ಲಿ ಏನಿದೆ ಎಂದು ಓದುಗನಿಗೆ ಒಂದನ್ನಾದರೂ ತೋರಿಸಿ. ಯಾರೂ ಕ್ಷಮಿಸದಿದ್ದರೂ ಅವನನ್ನು ಹುಡುಕಿಕೊಂಡು ಓಡಿಬರುವ ತಂದೆ ಇದ್ದಾನೆ ಎಂಬುದು ಆ ಪತ್ರದಲ್ಲಿ ಎಲ್ಲಾದರೂ ಇರಬೇಕು, ಅವನು ಅದನ್ನು ನೆಪವಾಗಿ ಬಳಸದೆ. ಅದು ಬಂದರೆ ನಾನು ಪೂರ್ತಿ ನಿಮ್ಮ ಕಡೆ.

ಡಿಸ್ಕ್‌ಓದುಗ

ಒಂದು ತಾಂತ್ರಿಕ ತಿದ್ದುಪಡಿ. ಪತ್ರಗಳನ್ನು ಅವನು ಕೈಯಲ್ಲೇ ಬರೆಯಲಿ, ಜೈಲಿನಿಂದ ಹೊರಹೋಗುವ ಪತ್ರಗಳನ್ನು ಸಿಬ್ಬಂದಿ ತೆರೆದು ನೋಡುವುದು ಸಾಮಾನ್ಯ ಎಂಬುದೂ ನೆನಪಿರಲಿ. ಸಂತ್ರಸ್ತರನ್ನು ಸಂಪರ್ಕಿಸದಂತೆ ನ್ಯಾಯಾಲಯ ತಡೆದಿದ್ದರೆ ಮೊದಲು ಅನುಮತಿ ಬೇಕು. ನಾಯಕಿ ಅದಕ್ಕೆ ಅರ್ಜಿ ಹಾಕುವ ದೃಶ್ಯ ಒಂದು ಪ್ಯಾರಾದಲ್ಲಿ ಬಂದರೆ ಸಾಕು. ಲಾಗ್ ಓದುವ ಅಧ್ಯಾಯ ಬರೆದ ಮೇಲೆ ಕಳಿಸಿ, ಸಮಯಗಳೆಲ್ಲ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿಕೊಡುತ್ತೇನೆ.